ಗುಂಡಿ ಒಂದು, ಅಕ್ಷರ ಇನ್ನೊಂದು

೫ ಜೂನ್ ೧೯೭೮, ಸೋಮವಾರ. ರಾಮದುರ್ಗ

ಬೆಳಗಿನ ಮೊದಲ ಬಸ್ಸಿಗೆ ಬೈಲಹೊಂಗಲ ಬಿಟ್ಟೆ. ಸವದತ್ತಿಯಲ್ಲಿ ಬದಲಿ. ಅಲ್ಲಿಂದ ನಿಂತೇ ಪ್ರಯಾಣ. ಆಫೀಸು ಮುಟ್ಟಿದಾಗ ಹನ್ನೊಂದಕ್ಕೆ ಹತ್ತು ನಿಮಿಷ. ವೆಂಕಣ್ಣ ಮೊದಲು ಗಡಿಯಾರ ನೋಡಿದ, ಆಮೇಲೆ ನನ್ನನ್ನು. ಹೆಡ್ ಕ್ಲರ್ಕ್ ಆದವನಿಗೆ ಇಷ್ಟು ಸುಖವಾದರೂ ಇರಲಿ.

ಮೂವತ್ತೆಂಟು ಪತ್ರ, ಎರಡು ಸ್ಟೆನ್ಸಿಲ್. ತಪ್ಪು ಒಂದೂ ಇಲ್ಲ. ಹದಿನಾರು ವರ್ಷದಿಂದ ಇದೇ ತರಹದ ಮಷಿನ್. ಗುಂಡಿ ನೋಡಿ ಹೊಡೆಯುವುದನ್ನು ಬಿಟ್ಟೇ ಹದಿನೈದು ವರ್ಷ. ನಿಮಿಷಕ್ಕೆ ನಲವತ್ತೈದು ಶಬ್ದ. ಅಪ್ಪ ಮಂತ್ರ ಹೇಳುತ್ತಲೇ ಮನೆಯವರ ಮಾತಿಗೆ ಹೂಂಗುಟ್ಟುತ್ತಿದ್ದರು. ನಾನು ಟೈಪ್ ಮಾಡುತ್ತಲೇ ವೆಂಕಣ್ಣನ ಪುರಾಣಕ್ಕೆ ಹೂಂಗುಟ್ಟುತ್ತೇನೆ. ಭಟ್ಟರ ಮನೆತನದ ವಿದ್ಯೆ ಬಾಯಿಂದ ಬೆರಳಿಗೆ ಇಳಿದಿದೆ, ಅಷ್ಟೇ.

ಊರಲ್ಲಿ ಶಾಂತಾಗೆ ಬಸಿರು ಮೂರು ತಿಂಗಳು ತುಂಬಿತು. ಹಿಂದಿನ ಎರಡೂ ನಾಲ್ಕು ತಿಂಗಳೊಳಗೇ ಹೋದವು. ಎರಡೂ ಸಲ ನಾನು ಇಲ್ಲಿ. ಎರಡನೇ ಸಲ ಪಕ್ಕದ ಮನೆಯ ಬಾಯವ್ವ ಚಕ್ಕಡಿ ಕಟ್ಟಿಸಿ ದವಾಖಾನೆಗೆ ಒಯ್ದಳಂತೆ. ಹೆಂಡತಿಯ ಹತ್ತಿರ ನೆರೆಯವಳು ಇದ್ದಳು, ಗಂಡ ಇರಲಿಲ್ಲ. ಈ ಸಲ ಹಾಗಾಗಬಾರದು. ಬೈಲಹೊಂಗಲದ ನಮ್ಮ ಶಾಖೆಯಲ್ಲಿ ಟೈಪಿಸ್ಟ್ ಜಾಗ ದಸರೆಗೆ ಖಾಲಿಯಾಗುತ್ತದೆ. ಸಾಹೇಬರ ಶಿಫಾರಸು ಒಂದು ಬೇಕು. ಆರು ವರ್ಷದಿಂದ ಅರ್ಜಿ ಹಾಕುತ್ತಿದ್ದೇನೆ…

೧೩ ಜೂನ್, ಸಂಜೆ

ಹೊಸ ಮಷಿನ್ ಬಂತು. ಆಫೀಸಿನ ಪಟ್ಟೇವಾಲಾ ಮುದಕಪ್ಪ ಕುಂಕುಮ ಹಚ್ಚಿ ಕಾಯಿ ಒಡೆದ. ಹೊಸದು ತಂದ ಲಾರಿಯಲ್ಲೇ ಹಳೆಯದು ಬೆಳಗಾವಿಗೆ ವಾಪಸ್ಸು. ಕೈಮುಗಿಯುವುದಕ್ಕೂ ಪುರಸೊತ್ತು ಕೊಡಲಿಲ್ಲ.

ಕೂತು ನೋಡಿದರೆ ಕೀಲಿಮಣೆಯೇ ಬೇರೆ. ಯಾರೋ ಬಲ್ಲವರು ಕೂತು ಅಕ್ಷರಗಳನ್ನೆಲ್ಲ ಎಬ್ಬಿಸಿ ಬೇರೆ ಬೇರೆ ಜಾಗದಲ್ಲಿ ಕೂರಿಸಿದ್ದಾರೆ. ವೇಗ ಹೆಚ್ಚಲಿ ಎಂದು! ಜೊತೆಗೆ ಬಂದ ಕಾಗದದಲ್ಲಿ ಹಾಗೇ ಬರೆದಿದೆ. ಕ ಇದ್ದಲ್ಲಿ ತ. ಒತ್ತಕ್ಷರಗಳು ಊರು ಬಿಟ್ಟು ಹೋಗಿವೆ. ಹಳೆಯ ಫಾರ್ಮಿನ ಗೆರೆಗೂ ಈ ಮಷಿನ್ನಿನ ಸಾಲಿಗೂ ತಾಳೆಯಿಲ್ಲ. ಅರ್ಜಿದಾರನ ಹೆಸರು ಗೆರೆಯ ಮೇಲೆ, ಅವನ ಊರು ಗೆರೆಯ ಕೆಳಗೆ.

ನಿಮಿಷಕ್ಕೆ ಒಂಬತ್ತು ಶಬ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ವೆಂಕಣ್ಣ ಅದನ್ನೇ ಹೇಳಿದ. ಕುಣಿಯುವವಳ ಕಾಲಡಿಯ ನೆಲವನ್ನೇ ಕಿತ್ತುಕೊಂಡು ಹೋಗಿದ್ದಾರೆ, ಅದನ್ನು ಯಾರಿಗೆ ಹೇಳಲಿ.

೧೬ ಜೂನ್

ಇವತ್ತಿನದನ್ನು ಬರೆಯಲೇಬೇಕು. ಬರೆಯದಿದ್ದರೆ ಗಂಟಲಿಂದ ಇಳಿಯುವುದಿಲ್ಲ.

ಸಾಹೇಬರ ಹೆಸರು ತ್ರ್ಯಂಬಕರಾವ್. ತ, ಅದಕ್ಕೆ ರ-ಒತ್ತು, ಅದರ ಮೇಲೆ ಯ-ಒತ್ತು, ಆಮೇಲೆ ಸೊನ್ನೆ. ಹಳೆಯ ಮಷಿನ್‌ನಲ್ಲಿ ಕಣ್ಣು ಮುಚ್ಚಿ ಹೊಡೆಯುತ್ತಿದ್ದೆ. ಹೊಸದರಲ್ಲಿ ಎರಡು ಒತ್ತುಗಳನ್ನು ಹುಡುಕುವಷ್ಟರಲ್ಲಿ ಬೆರಳುಗಳು ತಮ್ಮ ಪಾಡಿಗೆ ತಾವು ಓಡಿ, ಒತ್ತು ಎರಡೂ ಬಿಟ್ಟು, ಬ-ಗೆ ದೀರ್ಘ ಎಳೆದುಬಿಟ್ಟಿವೆ. ಸಾಹೇಬರು ಓದದೆ ಸಹಿ ಮಾಡಿದ್ದಾರೆ. ಪತ್ರ ಬೆಳಗಾವಿಗೆ ಹೋಗಿದೆ. ಮೇಲಿನವರಿಂದ ಫೋನು.

ಕರೆಸಿದರು.

"ನೀಲಕಂಠ ಅವರ, ನನ್ನ ಹೆಸರೇನ್ರಿ?"

"ತ್ರ್ಯಂಬಕರಾವ್, ಸರ್."

ಕಾರ್ಬನ್ ಪ್ರತಿ ಮುಂದಿಟ್ಟರು. ತಂಬಾಕರಾವ್.

"ನಮ್ಮಪ್ಪ ದೇವರ ಹೆಸರು ಇಟ್ಟಾನ್ರಿ. ನೀವು ಎಲಿಚೀಲದಾಗ ಹಾಕೀರಿ."

ನಗಲಿಲ್ಲ ಅವರು. ಹೊರಗೆ ಬಂದರೆ ಮುದಕಪ್ಪ ಅಂಗೈಯಲ್ಲಿ ಸುಣ್ಣ ತಿಕ್ಕುತ್ತ, "ಸಾಹೇಬ್ರನ್ನ ಸ್ವಲ್ಪ ಕೊಡ್ರಿ" ಎಂದು ವೆಂಕಣ್ಣನನ್ನು ಕೇಳುತ್ತಿದ್ದ. ಇಡೀ ಆಫೀಸು ಬಾಯಿಗೆ ಸೆರಗು ಹಿಡಿದ ಹಾಗೆ. ನನಗೆ ಮಾತ್ರ ಅಳು ಬರುವ ಹಾಗಿತ್ತು. ನಲವತ್ತೊಂದು ವರ್ಷದ ಗಂಡಸು.

೨೧ ಜೂನ್

ಇಂದ್ರವ್ವ ಎಂಬ ಹುಡುಗಿ ಹಾಜರಾದಳು. ಸಾಲಹಳ್ಳಿಯ ರೈತ ರಾಯಪ್ಪನ ಮಗಳು. ಧಾರವಾಡದಲ್ಲಿ ಟೈಪಿಂಗ್ ಕಲಿತದ್ದು, ಅದೂ ಹೊಸ ಕೀಲಿಮಣೆಯ ಮೇಲೆ. ಒಂದು ಪುಟ ಹೊಡೆದು ತೋರಿಸಿದಳು. ಮೂವತ್ತಾರು. ಮಳೆಗಾಲದಲ್ಲಿ ಹುರುಳಿ ಹುರಿದ ಹಾಗೆ ಸಪ್ಪಳ.

ಸದ್ಯಕ್ಕೆ ಪ್ರೊಬೇಷನ್. ಎರಡನೇ ಮಷಿನ್ ಬರುವ ತನಕ ಅವಳಿಗೆ ಟಪಾಲಿನ ಕೆಲಸ. ವರ್ಷದ ಕೊನೆಗೆ ಬೆಳಗಾವಿಯಲ್ಲಿ ಸ್ಪೀಡ್ ಟೆಸ್ಟ್, ಪಾಸಾದರೆ ಕಾಯಂ. ಮುದಕಪ್ಪ ಸುದ್ದಿ ತಂದ: ಸುರೇಬಾನದ ಯಾವನೋ ಎರಡನೇ ಸಂಬಂಧದವನನ್ನು ಒಲ್ಲೆ ಅಂದು, ಅಪ್ಪನ ಜೊತೆ ಜಗಳ ಆಡಿ ಬಂದಿದ್ದಾಳಂತೆ.

೩೦ ಜೂನ್

ಸಾಹೇಬರು ಸ್ಪಷ್ಟ ಹೇಳಿದರು. "ಬೈಲಹೊಂಗಲಕ್ಕ ಟೈಪಿಸ್ಟ್ ಬೇಕಾಗ್ಯಾನ. ಒಂಬತ್ತು ಶಬ್ದದವನ್ನ ಟೈಪಿಸ್ಟ್ ಅಂತ ಹೆಂಗ ಬರಕೊಡ್ಲಿ? ಹದಿನೈದು ದಿನ ನೋಡ್ತೇನಿ. ಆಗ್ಲಿಲ್ಲಾ, ಮಷಿನ್ ಮ್ಯಾಲ ಆ ಹುಡುಗಿ ಕೂಡ್ತಾಳ, ನೀವು ಟಪಾಲ ನೋಡ್ಕೊಳ್ರಿ."

ಹದಿನಾಲ್ಕಕ್ಕೆ ಏರಿದ್ದೇನೆ. ಅಲ್ಲಿಂದ ಮೇಲೆ ಹೋಗುತ್ತಿಲ್ಲ. ನಿಧಾನ ಹೊಡೆದರೆ ಸರಿ ಬೀಳುತ್ತದೆ. ಸ್ವಲ್ಪ ಜೋರು ಮಾಡಿದೆನೋ, ಕೈ ಹಳೆಯ ದಾರಿ ಹಿಡಿಯುತ್ತದೆ. ತಮಾಷೆ ಎಂದರೆ ಬೈಲಹೊಂಗಲದಲ್ಲಿ ಇನ್ನೂ ಹಳೆಯ ಮಷಿನ್ನೇ ಇದೆ. ಅಲ್ಲಿ ಕೂತರೆ ನಾನು ರಾಜ. ಅಲ್ಲಿಗೆ ಹೋಗಬೇಕಾದರೆ ಇಲ್ಲಿ ಗೆಲ್ಲಬೇಕು.

೮ ಜುಲೈ, ಶನಿವಾರ

ಮಾಡಿದೆ.

ಮಷಿನ್ನಿಗೆ ಎಣ್ಣೆ ಹಾಕಿಸಬೇಕು ಎಂದು ವೆಂಕಣ್ಣನಿಂದ ಚೀಟಿ ಬರೆಸಿಕೊಂಡು, ಪೇಟೆಯ ಮೋನಪ್ಪ ಪತ್ತಾರನಲ್ಲಿಗೆ ಒಯ್ದೆ. ಚಿನ್ನದ ಕೆಲಸದವನು, ಬೆಸುಗೆಯಲ್ಲಿ ಕೈ ಬಲು ಶುದ್ಧ. ಪ್ರತಿ ಕಡ್ಡಿಯ ತುದಿಗೆ ಅಕ್ಷರದ ಅಚ್ಚು ಬೆಸೆದಿರುತ್ತದೆ. ಅದನ್ನು ಕಾಸಿ ತೆಗೆದು ಬೇರೆ ಕಡ್ಡಿಗೆ ಕೂರಿಸಿದರೆ ಆಯಿತು. ಹಳೆಯ ಕೀಲಿಮಣೆಯ ನಕ್ಷೆ ಬರೆದು ಒಯ್ದಿದ್ದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಇಬ್ಬರೂ ಕೂತೆವು. ಸವದತ್ತಿಯ ಬಸ್ಸು ತಪ್ಪಿತು. ಈ ವಾರ ಊರಿಗೆ ಹೋಗಲಿಲ್ಲ.

"ಮ್ಯಾಲಿನ ಗುಂಡಿ ಏನ್ ಮಾಡೂದ್ರಿ?" ಅಂದ. "ಅದರ ಮ್ಯಾಲ ಹೊಸಾ ಅಕ್ಷರ ಹಂಗ ಉಳೀತಾವಲ್ಲ."

"ಅವು ಇರಲಿ. ನಾ ಗುಂಡಿ ನೋಡಂಗಿಲ್ಲ."

"ಒಂದ ಮಾತ್ರಿ. ಒಮ್ಮೆ ಕಾಸಿದ್ದನ್ನ ಮತ್ತ ಕಾಸಿದ್ರ ಕಡ್ಡಿ ಮುರೀತೈತಿ. ಮತ್ತ ಬದಲ ಮಾಡಂತ ಬರಬ್ಯಾಡ್ರಿ."

ಬರುವುದಿಲ್ಲ ಅಂದೆ.

೧೦ ಜುಲೈ

ನಲವತ್ತನಾಲ್ಕು. ಸಾಹೇಬರು ಬಾಗಿಲಲ್ಲಿ ನಿಂತು ನೋಡಿದರು. ತ್ರ್ಯಂಬಕರಾವ್ ಮೂರು ಅಂತಸ್ತಿನ ಮನೆಯ ಹಾಗೆ ನೆಟ್ಟಗೆ ನಿಂತಿತ್ತು. "ನೋಡ್ರಿ, ಮನಸ್ ಮಾಡಿದ್ರ ಆಗ್ತದ" ಅಂದರು. ಶಿಫಾರಸು ಬರೆದರು. ಅದನ್ನು ನಾನೇ ಟೈಪ್ ಮಾಡಿದೆ.

ಗುಂಡಿಯ ಮೇಲೆ ತ ಇದೆ, ಕಾಗದದ ಮೇಲೆ ಕ ಬೀಳುತ್ತದೆ. ಯಾರಿಗೂ ಕಾಣುವುದಿಲ್ಲ. ಎಷ್ಟು ಖುಷಿಯಾಯಿತೆಂದರೆ ಖಾನಾವಳಿಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ.

೧೯ ಜುಲೈ

ಮಧ್ಯಾಹ್ನ ಊಟದ ಹೊತ್ತಿಗೆ ಇಂದ್ರವ್ವ ಬಂದು ಕೇಳಿದಳು. "ಸರ್, ನೀವು ಊಟಕ್ಕ ಹ್ವಾದಾಗ ಸ್ವಲ್ಪ ಕೈ ಆಡಿಸಲೇನ್ರಿ? ರೂಢಿ ತಪ್ಪಾಕ ಹತ್ತೇತಿ."

ಕೂಡದು ಅಂದೆ. ಬೇಕಾಗಿದ್ದಕ್ಕಿಂತ ಗಡುಸಾಗಿ. ಮುಖ ಸಣ್ಣದಾಯಿತು. ಇನ್ನು ಮೇಲೆ ಮಷಿನ್ನಿಗೆ ಬಟ್ಟೆ ಹೊದಿಸಿ ಗಂಟು ಹಾಕಿ ಹೋಗಬೇಕು. ಊಟವೂ ಮೇಜಿನ ಮೇಲೇ.

೩ ಆಗಸ್ಟ್

ಜ್ವರ. ಆದರೂ ಹೋದೆ. ವೆಂಕಣ್ಣ, "ಮನಿಗೆ ಹೋಗಿ ಮಲಕೋಪಾ, ಇಂದ್ರವ್ವ ನೋಡ್ಕೋತಾಳ" ಅಂದ. ಅದೇ ಬೇಡವಾಗಿರುವುದು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾರಾದರೂ ಮಷಿನ್ ಕಡೆ ನಡೆದರೆ ಎದ್ದು ನಿಲ್ಲುತ್ತೇನೆ. ಸಂಡಿಗೆ ಒಣಹಾಕಿದ ಕಡೆಯೇ ಸುಳಿಯುವ ಕೋತಿಯನ್ನು ಕಾಯುವ ಮುದುಕಿ ಆಗಿದ್ದೇನೆ.

೧೪ ಸೆಪ್ಟೆಂಬರ್, ಗುರುವಾರ

ಇವತ್ತು ಶಾಂತಾಗೆ ಕುಬಸ. ಏಳನೇ ತಿಂಗಳು. ಹಸಿರು ಸೀರೆ, ಹಸಿರು ಬಳೆ, ಮಂಟಪ. ಹೆಂಗಸರು ಹಾಡುತ್ತ ಗಂಡನ ಹೆಸರು ಹೇಳಿಸುತ್ತಾರೆ. ಗಂಡ ಪಕ್ಕದಲ್ಲಿ ಕೂತು ನಾಚಿಕೊಳ್ಳಬೇಕು.

ಗಂಡ ಇಲ್ಲಿ ಕೂತು ಸುತ್ತೋಲೆ ಹೊಡೆಯುತ್ತಿದ್ದ. ಒಂದೇ ಒಂದು ದಿನದ ರಜೆ. ಹಾಕಿದರೆ ಇಂದ್ರವ್ವ ಮಷಿನ್ ಮೇಲೆ ಕೂರುತ್ತಾಳೆ. ಕೂತರೆ ನಾಲ್ಕನೇ ಅಕ್ಷರಕ್ಕೆ ಗೊತ್ತಾಗುತ್ತದೆ. ಸರ್ಕಾರಿ ಮಷಿನ್ ಕೆಡಿಸಿದವನಿಗೆ ಸಸ್ಪೆನ್ಷನ್, ವರ್ಗ ಎಲ್ಲಿಯದು. ಹಿಂದಿನ ಭಾನುವಾರ ಹೇಳಿದಾಗ ಶಾಂತಾ ಜಗಳ ಆಡಲಿಲ್ಲ. "ನಿಮ್ಮ ಮಷಿನ್ ಬಸುರೇನು?" ಅಂದಳು, ಅಷ್ಟೇ.

ನಾನು ಮಷಿನ್ನನ್ನು ನನ್ನ ಕೈಗೆ ಒಗ್ಗಿಸಿಕೊಂಡೆ ಎಂದುಕೊಂಡಿದ್ದೆ. ಅದು ನನ್ನನ್ನು ತನ್ನ ಕಾಲಿಗೆ ಕಟ್ಟಿಕೊಂಡಿದೆ.

೪ ಅಕ್ಟೋಬರ್

ಆರ್ಡರ್ ಬಂತು. ಬೈಲಹೊಂಗಲಕ್ಕೆ ವರ್ಗ. ಎರಡು ಸಲ ಓದಿದೆ. ಮೊದಲನೇ ಸಲ ಖುಷಿಗೆ. ಎರಡನೇ ಸಲ ಕೊನೆಯ ಸಾಲು ಕಣ್ಣಿಗೆ ಬಿತ್ತು: ಮಷಿನ್ ಸುಸ್ಥಿತಿಯಲ್ಲಿರುವುದನ್ನು ಖಾತ್ರಿಪಡಿಸಿ ಕು. ಇಂದ್ರವ್ವ ಅವರಿಗೆ ಚಾರ್ಜ್ ಕೊಟ್ಟ ನಂತರ ಬಿಡುಗಡೆ ಹೊಂದುವುದು.

"ದಸರಾ ಮುಗೀಲಿ," ಸಾಹೇಬರೆಂದರು. "ಹದಿನಾರಕ್ಕ ಚಾರ್ಜ್ ಕೊಡ್ರಿ. ಚಾರ್ಜ್ ಲಿಸ್ಟ್ ಆಕೀನ ಟೈಪ್ ಮಾಡ್ಲಿ, ನನ್ನ ಮುಂದ. ಕೈ ಹೆಂಗದ ನೋಡೋಣು."

ಅತ್ತ ದರಿ, ಇತ್ತ ಪುಲಿ.

೭ ಅಕ್ಟೋಬರ್

ಮೋನಪ್ಪನ ಅಂಗಡಿಗೆ ಹೋದೆ. ಬೀಗ. ಬೆಳ್ಳಿ ಕೆಲಸಕ್ಕೆ ಹುಪರಿಗೆ ಹೋಗಿದ್ದಾನಂತೆ, ಬರುವುದು ಸಂಕ್ರಾಂತಿಗೆ. ಅವನ ತಮ್ಮನಿಗೆ ಕೇಳಿದೆ. ತಲೆ ಅಲ್ಲಾಡಿಸಿ, "ಕಾಸಿದ ಕಡ್ಡೀನ ಮತ್ತ ಕಾಸಿದ್ರ ಚಕ್ಕಲಿ ಮುರದಂಗ ಮುರೀತೈತ್ರಿ" ಅಂದ.

ದಸರೆಗೆ ಊರಿಗೆ ಹೋಗಬೇಕು. ಶಾಂತಾ ಆಗಲೇ ಗೋಡೆಯ ಗೂಡಿನ ದೇವರ ದೀಪಕ್ಕೆ ತುಪ್ಪ ಹಾಕಿರುತ್ತಾಳೆ, ವರ್ಗವಾಯಿತೆಂದು. ಯಾವ ಮುಖ ತೋರಿಸಲಿ.

೧೩ ಅಕ್ಟೋಬರ್, ಸಂಜೆ ೭

ಊಟಕ್ಕೂ ಹೋಗದೆ ಬರೆಯುತ್ತಿದ್ದೇನೆ.

ಐದೂವರೆಗೆ ಖಾನಾವಳಿಗೆ ಹೊರಟವನು ಕನ್ನಡಕ ಮರೆತು ವಾಪಸ್ಸು ಬಂದೆ. ಒಳಗಿಂದ ಮಷಿನ್ ಸಪ್ಪಳ. ಇಂದ್ರವ್ವ ಕೂತಿದ್ದಳು. ಅವಳು ಎದ್ದು ನಿಂತಳು, ಆದರೆ ಹೆದರಲಿಲ್ಲ.

ಹಾಳೆ ನೋಡಿದೆ. ಪುಟ ತುಂಬ ಶುದ್ಧ ಕನ್ನಡ. ಒಂದು ಒತ್ತೂ ತಪ್ಪಿಲ್ಲ.

"ಯಾವಾಗ ಗೊತ್ತಾತು?"

"ಆಗಸ್ಟ್‌ದಾಗ್ರಿ. ಒಂದಿನ ನನ್ನ ಹೆಸರ ಹೊಡದ್ನಿ. ಏನೇನೋ ಬಿತ್ತು. ಮೊದಲ ನನ್ನ ಕೈ ಕೆಟ್ಟೇತಿ ಅನ್ಕೊಂಡ್ನಿ. ಆಮ್ಯಾಲ ಒಂದೊಂದ ಗುಂಡಿ ಹೊಡದು ಬರಕೊಂಡ್ನಿ. ಸಾಲಹಳ್ಳಿ ಬಸ್ಸ ಏಳಕ್ಕ ಐತಲ್ರಿ, ಅಲ್ಲೀತನಕ ದಿನಾ ಕುಂತ ಕಲತ್ನಿ. ಗಂಟ ನೀವು ಕಟ್ಟಿದಂಗ ಕಟ್ಟಿ ಹೋಗ್ತಿದ್ನಿ."

"ಸಾಹೇಬ್ರಿಗೆ ಹೇಳಬೇಕಿತ್ತು ನೀನು."

"ಹೇಳಿದ್ರ ನಿಮ್ಮ ನೌಕರಿ ಹೋಗತಿತ್ತು. ಹೇಳ್ಲಿಲ್ಲಂದ್ರ ಮಷಿನ್ ಬಿಟ್ಟು ನಿಮಗ ಊರಿಗೆ ಹೋಗಾಕ ಬರೂದಿಲ್ಲ. ಅಕ್ಕಾರ ಕುಬಸದ ದಿನ ನಿಮ್ಮ ಮಾರಿ ನೋಡಿದ್ನಿ. ಕಲತರ ಯಾರದೂ ಹೋಗೂದಿಲ್ಲಲ್ರಿ."

ನಾನು ಅವಳಿಗೆ ಗುಂಡಿ ಮುಟ್ಟಲೂ ಬಿಡದಿದ್ದವನು.

"ಡಿಸೆಂಬರ್ ಬರೂದರಾಗ ನಿನ್ನ ಟೆಸ್ಟ್ ಅದಲ್ಲ? ಅಲ್ಲಿ ಹೊಸಾ ಮಷಿನ್ ಇರತಾವ."

"ಎರಡನೇ ಮಷಿನ್ ಮುಂದಿನ ತಿಂಗಳ ಬರತೈತಂತ್ರಿ. ಕೈ ತಿದ್ದಿಕೊಂತೇನಿ. ನೀವು ಹೋಗ್ರಿ."

ಹೂಂ ಅಂದೆ. ಬೇಗ ಅಂದೆ. ಇನ್ನೊಮ್ಮೆ ಕೇಳಲಿಲ್ಲ.

೧೬ ಅಕ್ಟೋಬರ್

ಚಾರ್ಜ್ ಕೊಟ್ಟೆ. ಸಾಹೇಬರ ಮುಂದೆ ಕೂತು ಇಂದ್ರವ್ವ ಲಿಸ್ಟ್ ಹೊಡೆದಳು. ಮೂವತ್ತೆಂಟು. "ಶಾಣ್ಯಾ ಇದ್ದಾಳ" ಅಂದರು. ಸುಸ್ಥಿತಿಯಲ್ಲಿದೆ ಎಂದು ನಾನು ಸಹಿ ಮಾಡಿದೆ. ಅದರ ಕೆಳಗೆ ಅವಳೂ.

ಮಧ್ಯಾಹ್ನದ ಬಸ್ಸು. ಸವದತ್ತಿ ದಾಟಿದ ಮೇಲೆ ನಿದ್ದೆ ಬಂತು. ಮೂರು ತಿಂಗಳ ನಂತರ ಮೊದಲ ಸಲ ಹಗಲು ನಿದ್ದೆ.

೬ ನವೆಂಬರ್. ಬೈಲಹೊಂಗಲ

ಹಳೆಯ ಮಷಿನ್. ಹಳೆಯ ಕೈ. ಮಧ್ಯಾಹ್ನ ಮನೆಗೆ ಬಂದು ಉಣ್ಣುತ್ತೇನೆ. ಹೊಟ್ಟೆಯ ಮೇಲೆ ಕೈ ಇಟ್ಟರೆ ಒಳಗಿಂದ ಒದೆಯುತ್ತದೆ. "ಟೈಪ್ ಮಾಡ್ಲಿಕ್ಕೆ ಹತ್ತೇದ" ಎಂದು ಶಾಂತಾ ನಗುತ್ತಾಳೆ.

ಬರೆಯುವುದೇನೂ ಇಲ್ಲ.

೨೮ ನವೆಂಬರ್

ವೆಂಕಣ್ಣನ ಪತ್ರ. ಇಲ್ಲಿ ನಕಲು ಮಾಡುತ್ತೇನೆ, ಹರಿದು ಹಾಕುವ ಮೊದಲು.

"…ಇಂದ್ರವ್ವ ಬೆಳಗಾವಿ ಟೆಸ್ಟಿನಾಗ ಫೇಲ್. ನಿಮಿಷಕ್ಕೆ ಹತ್ತು ಶಬ್ದ, ಅದೂ ಓದಲಿಕ್ಕೆ ಬರದಂಗ. ಎಲ್ಲರಿಗೂ ಸೋಜಿಗ. ಎರಡನೇ ಮಷಿನ್ ಇನ್ನೂ ಬಂದಿಲ್ಲ, ಆದರ ಇದರ ಮ್ಯಾಲ ಛಂದ ಹೊಡೀತಿದ್ದಳಲ್ಲ. ಸಾಹೇಬರು ಕಾರಣ ಕೇಳಿದ್ರು. ಬಾಯಿ ಬಿಡವಲ್ಲಳು. ಯೋಗ್ಯ ಕಾರಣ ತೋರಿಸಿದರ ಮತ್ತೊಮ್ಮೆ ಕೂಡಸ್ತಾರಂತ. ಡಿಸೆಂಬರ್ ಎಂಟರೊಳಗ ಬರವಣಿಗೆಯಲ್ಲಿ ಬರಬೇಕು. ಇಲ್ಲದಿದ್ದರ ನೌಕರಿಯಿಂದ ಬಿಡುಗಡೆ. ಅವರಪ್ಪ ರಾಯಪ್ಪ ಬಂದಿದ್ದ, ಸುರೇಬಾನದ ವರ ಇನ್ನೂ ತಯಾರ ಇದ್ದಾನಂತ ಹೇಳಿ ಹೋದ. ಹುಡುಗಿ ನಿನ್ನ ಕೈಕೆಳಗ ಇದ್ದಳು. ನಿನಗೇನರ ಗೊತ್ತದ ಏನು?"

೨೯ ನವೆಂಬರ್

ನನಗೇನಾದರೂ ಗೊತ್ತಿದೆಯೇ.

ಅಕ್ಟೋಬರ್ ಹದಿಮೂರಕ್ಕೇ ಗೊತ್ತಿತ್ತು. ಹದಿನಾರು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ, ಮುಂದಿನ ತಿಂಗಳು ಬರುತ್ತದೆ ಅಂದ ಮಷಿನ್ ಬರುವುದಿಲ್ಲ ಎಂದು ಗೊತ್ತಿರುವುದಿಲ್ಲವೇ. ಬೆರಳು ಒಮ್ಮೆ ದಾರಿ ಹಿಡಿದರೆ ಬಿಡುವುದಿಲ್ಲ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು. ಆದರೂ ಹೂಂ ಅಂದೆ.

ಅವಳ ಬಾಯಿಂದ ನನ್ನ ಹೆಸರು ಬರುವುದಿಲ್ಲ. ಬಂದರೂ ಯಾರು ನಂಬುತ್ತಾರೆ. ಸುಸ್ಥಿತಿಯಲ್ಲಿದೆ ಎಂದು ಅವಳೂ ಸಹಿ ಮಾಡಿದ್ದಾಳೆ.

ನಾನು ಬರೆದರೆ ಸಸ್ಪೆನ್ಷನ್, ವಿಚಾರಣೆ. ರಾಮದುರ್ಗಕ್ಕೆ ಎಳೆಯುತ್ತಾರೆ. ದಾಯಿ ಹೇಳಿದ ಪ್ರಕಾರ ಹೆರಿಗೆಗೆ ಇನ್ನು ನಾಲ್ಕೈದು ದಿನ. ಆ ಹೊತ್ತಿಗೆ ಮತ್ತೆ ನಾನು ಮನೆಯಲ್ಲಿ ಇರುವುದಿಲ್ಲ. ಬರೆಯದಿದ್ದರೆ… ಏನೂ ಆಗುವುದಿಲ್ಲ. ನನಗೆ ಏನೂ ಆಗುವುದಿಲ್ಲ.

೩೦ ನವೆಂಬರ್

ಕಾರಣಗಳನ್ನು ಹುಡುಕಿದೆ. ಹುಡುಗಿಗೆ ಜ್ವರ ಇತ್ತು ಎಂದು ಬರೆಯಬಹುದು. ಸರ್ಟಿಫಿಕೇಟ್ ಕೇಳುತ್ತಾರೆ. ಬೆಳಗಾವಿಯ ಮಷಿನ್ ಕೆಟ್ಟಿತ್ತು ಎನ್ನಬಹುದು. ಬೇರೆಯವರು ಅದರ ಮೇಲೇ ಪಾಸಾಗಿದ್ದಾರೆ. ಎಲ್ಲ ದಾರಿಗಳೂ ಮೋನಪ್ಪನ ಅಂಗಡಿಗೇ ಬರುತ್ತವೆ.

ವೆಂಕಣ್ಣನಿಗೆ ಉತ್ತರ ಬರೆದಿಲ್ಲ. ಶಾಂತಾ, "ಯಾಕ ಉಣವಲ್ಲಿರಿ?" ಅಂದಳು. ಸೆಕೆ ಅಂದೆ. ಚಳಿಗಾಲದಲ್ಲಿ.

೨ ಡಿಸೆಂಬರ್, ಬೆಳಿಗ್ಗೆ ೧೦

ಹೆಣ್ಣು. ಬಾಯಿ ಮಾಡಿ ಅತ್ತಳು. ಶಾಂತಾ ಆರಾಮ. ಬಾಯವ್ವ ಹೊರಗೆ ಬಂದು, "ನೋಡ್ರಿ ಭಟ್ರ, ಈ ಸಲ ನೀವು ಮನ್ಯಾಗ ಅದೀರಿ" ಅಂದಳು. ಹೌದು, ಇದ್ದೆ. ಬಾಗಿಲ ಹೊರಗೆ ನಿಂತು ಮೊದಲ ಅಳು ಕೇಳಿದೆ. ಜನ್ಮದಲ್ಲಿ ಇಷ್ಟು ಸುಖ ಪಟ್ಟಿಲ್ಲ. ಆ ಸುಖ ಕೊಟ್ಟವಳು ಸಾಲಹಳ್ಳಿಯಲ್ಲಿ ಸುರೇಬಾನಕ್ಕೆ ಹೋಗಲು ಗಂಟು ಕಟ್ಟುತ್ತಿರಬೇಕು.

೪ ಡಿಸೆಂಬರ್, ಸೋಮವಾರ, ಸಂಜೆ ೪-೪೦

ಪತ್ರ ಬರೆದೆ. ಟೈಪ್ ಮಾಡಲಿಲ್ಲ, ಕೈಬರಹ. ಸಾಹೇಬರ ಹೆಸರಿನ ಒತ್ತುಗಳನ್ನು ಎರಡು ಸಲ ತಿದ್ದಿದೆ. "ಸದರಿ ಮಷಿನ್ನಿನ ಅಚ್ಚುಗಳನ್ನು ೮-೭-೭೮ರಂದು ನಾನೇ ಬದಲಾಯಿಸಿದ್ದು, ಕು. ಇಂದ್ರವ್ವ ಅವರ ದೋಷವಿಲ್ಲ." ಲಕೋಟೆ ಅಂಟಿಸಿದೆ. ಐದಕ್ಕೆ ಡಬ್ಬಿ ಎತ್ತುತ್ತಾರೆ. ಇವತ್ತು ಹೋದರೆ ಎಂಟರೊಳಗೆ ಮುಟ್ಟುತ್ತದೆ, ನಾಳೆ ಹಾಕಿದರೆ ಹೇಳಲಾಗದು.

ಶಾಂತಾಗೆ ಎಲ್ಲ ಹೇಳಿದೆ. ಮೊದಲಿಂದ. ಬಾಣಂತಿಗೆ ಹೇಳಬಾರದಿತ್ತು. ಹೇಳಿದೆ. ಕೊನೆಯ ತನಕ ಕೇಳಿದಳು. ಆಮೇಲೆ ಅಂದಳು:

"ಈಗ ನಿಮಗೂ ಒಬ್ಬಾಕಿ ಮಗಳಿದ್ದಾಳ."

ಹಂಗಂದ್ರ ಹಾಕು ಅಂತೋ, ಬ್ಯಾಡ ಅಂತೋ? ಕೇಳಿದೆ. ಕೂಸಿನ ಕಡೆ ಹೊರಳಿದಳು. ಬೆನ್ನು ಮಾತ್ರ ಕಾಣುತ್ತಿತ್ತು. ಕೂಸಿನ ಕೈ ಹೊದಿಕೆಯ ಹೊರಗೆ ಬಂದಿತ್ತು. ಬೆರಳುಗಳು ಇನ್ನೂ ಏನೂ ಕಲಿತಿಲ್ಲ.

೪-೪೭. ಡಬ್ಬಿಗೆ ಇಲ್ಲಿಂದ ಇನ್ನೂರು ಹೆಜ್ಜೆ. ಹೋಗಿ ಬಂದು ಉಳಿದದ್ದು ಬರೆಯುತ್ತೇನೆ.